ಸಮುದ್ರದ ತಳದ ಲಾವಾಕ್ಕೂ ಲಿಂಗನಮಕ್ಕಿಗೂ ಗಂಟು ಹಾಕಬೇಡಿ: ಸುದ್ದಿ ವಾಹಿನಿಗಳ ಸಂಪಾದಕರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿ, ಅಪ್ಪನಿಗೆ ಕೈಲಾಗದ ಕಾಲಕ್ಕೆ ತೋಟ ನೋಡಿಕೊಳ್ಳಲು ವಾಪಸ್ ಬಂದವನು. ಈ ಪತ್ರದಲ್ಲಿ ಯಾವ ವಾಹಿನಿಯ ಹೆಸರನ್ನೂ ಹೇಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ. ಯಾರಿಗೆ ತಾಗಬೇಕೋ ಅವರಿಗೆ ತಾಗಲಿ.

2025ರ ಬೇಸಿಗೆ ಮುಗಿಯುವ ಹೊತ್ತಿಗೆ ನಿಮ್ಮಲ್ಲೊಬ್ಬರು ರಾತ್ರಿ ಊಟದ ಸಮಯಕ್ಕೆ ಸಮುದ್ರದೊಳಗಿನ ಜ್ವಾಲಾಮುಖಿಯ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ ಹಾಕಿದರು. ಪರದೆ ತುಂಬ ಕೆಂಪು ಲಾವಾ. ಕೆಳಗಿನ ಪಟ್ಟಿಯಲ್ಲಿ 'ಕರಾವಳಿಗೆ ಕಂಟಕ? ಅಣೆಕಟ್ಟುಗಳ ಗತಿ ಏನು?' ಅಂತ ಓಡುತ್ತಲೇ ಇತ್ತು. ಕೊನೆಗೆ ಒಬ್ಬ ಜ್ಯೋತಿಷಿ ಬಂದು ಗ್ರಹಗಳ ಲೆಕ್ಕ ಹೇಳಿದರು. ಕಲ್ಲು ಮಣ್ಣಿನ ವಿದ್ಯೆ ಗೊತ್ತಿರುವ ಒಬ್ಬರನ್ನೂ ಆ ಅರ್ಧ ಗಂಟೆಯಲ್ಲಿ ಮಾತಾಡಿಸಲಿಲ್ಲ.

ಬೆಳಗಾಗುವಷ್ಟರಲ್ಲಿ ಅದರ ಒಂದು ತುಂಡು ನಮ್ಮೂರ ವಾಟ್ಸಾಪ್ ಗ್ರೂಪಿಗೆ ಬಂತು. ಮಧ್ಯಾಹ್ನಕ್ಕೆ ಅದಕ್ಕೆ ಯಾರದೋ ದನಿಯ ಬಾಲವೂ ಸೇರಿಕೊಂಡಿತ್ತು. 'ಸಮುದ್ರ ಕುದೀತಿದೆ, ಲಿಂಗನಮಕ್ಕಿ ಬಿರುಕು ಬಿಟ್ಟಿದೆ, ಜಾಗ ಖಾಲಿ ಮಾಡಿ' ಅಂತ. ಆ ಬಾಲ ಅಂಟಿಸಿದವರು ನೀವಲ್ಲ, ಒಪ್ಪುತ್ತೇನೆ. ಆದರೆ 'ಅಣೆಕಟ್ಟುಗಳ ಗತಿ ಏನು' ಅಂತ ಮೊದಲು ಕೇಳಿದವರು ನೀವು. ಕೇಳಿ, ಉತ್ತರ ಕೊಡದೆ ಜಾಹೀರಾತಿಗೆ ಹೋದಿರಿ.

ನಮ್ಮ ಕೆಳಗಿನ ಕೇರಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. 1964ರಲ್ಲಿ ಡ್ಯಾಂ ಮುಗಿದಾಗ ಅವರ ಹುಟ್ಟೂರು ನೀರಿನಡಿಗೆ ಹೋಯಿತು. ಅವರಿನ್ನೂ ಸಣ್ಣ ಹುಡುಗಿ. ಆ ದಿನ ಸಂಜೆ ನಾನು ಹೋದಾಗ ಜಗುಲಿಯಲ್ಲಿ ಕೂತು ಕಾಗದ ಜೋಡಿಸುತ್ತಿದ್ದರು. ರೇಷನ್ ಕಾರ್ಡು, ಹಕ್ಕುಪತ್ರಕ್ಕೆ ಹಾಕಿದ ಅರ್ಜಿಗಳ ನಕಲು, ಗಂಡನ ಒಂದು ಫೋಟೊ. ಎಲ್ಲವನ್ನೂ ಸಕ್ಕರೆ ತಂದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಳೆನಾರಿನಿಂದ ಕಟ್ಟುತ್ತಿದ್ದರು. ನನ್ನನ್ನು ನೋಡಿ, "ಹೌದನಾ ತಮ್ಮಾ, ಮತ್ತೊಂದ್ಸಲ ಊರು ಬಿಡ್ಬೇಕಾ?" ಅಂತ ಕೇಳಿದರು. ಅಳಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ. ಒಂದು ಸಲ ಬಿಟ್ಟವರಿಗೆ ಇನ್ನೊಂದು ಸಲ ಬಿಡುವುದು ನಂಬಲಾಗದ ಸಂಗತಿಯೇನಲ್ಲ. ಶರಾವತಿ ಹಿನ್ನೀರಿನ ಸುತ್ತ ಇಂಥ ಮನೆಗಳು ಎಷ್ಟಿವೆ ಅಂತ ನಿಮ್ಮ ಜಿಲ್ಲಾ ವರದಿಗಾರರನ್ನು ಕೇಳಿ. 'ಡ್ಯಾಂ' ಅನ್ನುವ ಪದ ನಮ್ಮಲ್ಲಿ ಸುಮ್ನೆ ಆಡುವ ಮಾತಲ್ಲ.

ನಾವಿರುವುದು ಡ್ಯಾಂನ ಮೇಲ್ಭಾಗದಲ್ಲಿ. ಅದಕ್ಕೆ ಏನಾದರೂ ಆದರೆ ನೀರು ಗೇರುಸೊಪ್ಪೆ, ಹೊನ್ನಾವರದ ಕಡೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಏರಿ ಬರುವುದಿಲ್ಲ. ಸಾಲದ್ದಕ್ಕೆ ಅದು ಬೇಸಿಗೆಯ ಕೊನೆ. ಹಿನ್ನೀರು ಇಳಿದು, ಮುಳುಗಿದ್ದ ಹಳೇ ಮಡೆನೂರು ಡ್ಯಾಂ ಮೇಲೆದ್ದು ಕಾಣುವ ಕಾಲ. ಅದನ್ನು ನೋಡಲು ಜನ ಬರುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ. ಹೆದರಿಕೆ ಹೊಕ್ಕ ಮೇಲೆ ಈ ಲೆಕ್ಕವೆಲ್ಲ ಯಾರಿಗೂ ಹೊಳೆಯುವುದಿಲ್ಲ.

ಇನ್ನೊಬ್ಬನ ಕತೆ ಹೇಳಬೇಕು. ಹೊನ್ನಾವರದಿಂದ ಘಟ್ಟ ಹತ್ತಿ ನಮ್ಮ ಕಡೆಗೆ ಮೀನು ತರುವ ಹುಡುಗನೊಬ್ಬ ಇದ್ದಾನೆ. ಬೈಕಿನ ಹಿಂದೆ ಐಸ್ ಹಾಕಿದ ಪೆಟ್ಟಿಗೆ, ತಿರುವಿನಲ್ಲೇ ಕೇಳಿಸುವ ಹಾರನ್ನು. ಜೂನ್ 1ರಿಂದ ಯಾಂತ್ರಿಕ ದೋಣಿಗಳು ಎರಡು ತಿಂಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಹಾಗಾಗಿ ಮೇ ತಿಂಗಳ ಕೊನೆ ಅವನಿಗೆ ನಾಲ್ಕು ಕಾಸು ಮಾಡಿಕೊಳ್ಳುವ ಸಮಯ. ಆ ವಾರ ಅವನ ಬಂಗುಡೆಯನ್ನು ಯಾರೂ ಮುಟ್ಟಲಿಲ್ಲ. ಸಮುದ್ರದಲ್ಲಿ ವಿಷದ ನೀರು ಉಕ್ಕಿದೆಯಂತೆ, ಮೀನು ತಿಂದರೆ ಹೊಟ್ಟೆ ಕೆಡುತ್ತದಂತೆ. ಪೆಟ್ಟಿಗೆ ತುಂಬಿದ್ದ ಹಾಗೇ ಇತ್ತು, ಕೆಳಗಿನಿಂದ ಐಸ್ ನೀರು ಮಾತ್ರ ರಸ್ತೆಗೆ ತೊಟ್ಟಿಕ್ಕುತ್ತಿತ್ತು. "ಅಣ್ಣಾ, ನೀವಾದ್ರೂ ಹೇಳಿ ಇವರಿಗೆ" ಅಂದ. ಹೇಳಿದೆ. ಟಿವಿಯಲ್ಲೇ ಬಂದಿದೆಯಲ್ಲ ಅಂದರು. ಟಿವಿಯ ಎದುರು ನನ್ನ ಎಂ.ಎಸ್ಸಿ. ಏನೂ ನಡೆಯಲಿಲ್ಲ.

ಈಗ ನಿಜವಾಗಿ ಏನಾಗಿತ್ತು ಅಂತ ನೋಡೋಣ.

2025ರ ಏಪ್ರಿಲ್ 29ರಂದು ಆಲ್ವಿನ್ ಅನ್ನುವ ಪುಟ್ಟ ಜಲಾಂತರ್ಗಾಮಿಯಲ್ಲಿ ಮೂವರು ಪೆಸಿಫಿಕ್ ಸಾಗರದ ತಳಕ್ಕೆ ಇಳಿದರು. ಜಾಗ, ಮಧ್ಯ ಅಮೆರಿಕದ ಕೋಸ್ಟರಿಕಾದಿಂದ ಪಶ್ಚಿಮಕ್ಕೆ ಸುಮಾರು 2,000 ಕಿ.ಮೀ. ದೂರ. ಆಳ, ಸುಮಾರು 2,500 ಮೀಟರ್. ಅಲ್ಲಿ ಈಸ್ಟ್ ಪೆಸಿಫಿಕ್ ರೈಸ್ ಅಂತ ಸಮುದ್ರದೊಳಗಿನ ಬೆಟ್ಟಸಾಲು ಇದೆ. ಭೂಮಿಯ ಎರಡು ದೊಡ್ಡ ಚಿಪ್ಪುಗಳು ಅಲ್ಲಿ ಒಂದರಿಂದ ಒಂದು ದೂರ ಸರಿಯುತ್ತಿವೆ, ವರ್ಷಕ್ಕೆ ಸುಮಾರು 11 ಸೆಂ.ಮೀ. ತೆರೆದ ಜಾಗವನ್ನು ತುಂಬಲು ಕೆಳಗಿನಿಂದ ಕರಗಿದ ಕಲ್ಲು ಬರುತ್ತದೆ. ಅವರು ನೋಡಲು ಹೋದದ್ದು ಟೀಕಾ ಅನ್ನುವ ಬಿಸಿನೀರಿನ ಬುಗ್ಗೆಯನ್ನು. ಸ್ವಲ್ಪ ಮುಂಚಿನವರೆಗೂ ಅದರ ಸುತ್ತ ಉದ್ದುದ್ದ ಕೊಳವೆ ಹುಳುಗಳು ದಟ್ಟವಾಗಿ ಬೆಳೆದಿದ್ದವು. ಅವತ್ತು ನೋಡಿದರೆ ಎಲ್ಲ ಸುಟ್ಟು ಹೋಗಿತ್ತು. ಹೊಸ ಕಪ್ಪು ಕಲ್ಲು ಹಾಸಿಕೊಂಡಿತ್ತು, ಅದರ ಬಿರುಕುಗಳಲ್ಲಿ ಕಿತ್ತಳೆ ಬಣ್ಣದ ಬೆಳಕು ಮಿನುಗುತ್ತಿತ್ತು. ನೀರಿನ ಬಿಸಿ ಏರುತ್ತಿರುವುದನ್ನು ಕಂಡು ಅವರು ಅಲ್ಲಿಂದ ಹೊರಟು ಬಂದರು. ಸಾಗರಮಧ್ಯದ ಬೆಟ್ಟಸಾಲಿನಲ್ಲಿ ಲಾವಾ ಉಕ್ಕುವ ಹೊತ್ತಿನಲ್ಲೇ ಮನುಷ್ಯರು ಹೋಗಿ ಕಣ್ಣಾರೆ ಕಂಡದ್ದು ಅದೇ ಮೊದಲು ಅಂತ ಆ ತಂಡದವರು ಹೇಳಿದರು.

ಇಂಥ ಸುದ್ದಿ ನಿಮ್ಮ ಕೈಗೆ ಸಿಕ್ಕಿತ್ತು. ಅದೇ ಜಾಗದಲ್ಲಿ 1991ರಲ್ಲಿ ಒಮ್ಮೆ, 2005-06ರಲ್ಲಿ ಇನ್ನೊಮ್ಮೆ ಲಾವಾ ಉಕ್ಕಿತ್ತು. ಹಾಗಾಗಿ ಮತ್ತೊಂದು ಬರುತ್ತದೆ ಅಂತ ವಿಜ್ಞಾನಿಗಳು ಕಾದೇ ಇದ್ದರು. ಆ ಹುಳುಗಳಿಗೆ ಬಾಯಿಲ್ಲ, ಕರುಳಿಲ್ಲ. ಒಳಗೆ ಬ್ಯಾಕ್ಟೀರಿಯಾ ಸಾಕಿಕೊಂಡಿರುತ್ತವೆ. ಬುಗ್ಗೆಯ ನೀರಿನಲ್ಲಿರುವ, ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಬಳಸಿ ಆ ಬ್ಯಾಕ್ಟೀರಿಯಾ ಅನ್ನ ತಯಾರಿಸುತ್ತವೆ. ಅಲ್ಲಿ ಬಿಸಿಲಿನ ಹಂಗಿಲ್ಲ. 1991ರಲ್ಲಿ ಸುಟ್ಟುಹೋದ ಜಾಗದಲ್ಲಿ ಮೂರೇ ವರ್ಷದೊಳಗೆ ಆಳೆತ್ತರಕ್ಕೆ ಹತ್ತಿರ ಹುಳುಗಳು ಮತ್ತೆ ಬೆಳೆದಿದ್ದವು. ಇದನ್ನು ಹೇಳಿದ್ದರೆ ನಮ್ಮೂರ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ದೊಡ್ಡವರೂ ನೋಡುತ್ತಿದ್ದರು. ಟಿಆರ್‌ಪಿಯೂ ಬರುತ್ತಿತ್ತು ಅಂತ ನನ್ನ ನಂಬಿಕೆ.

ನೀವು ತೋರಿಸಿದ ಕೆಂಪು ಹೊಳೆ ಐಸ್‌ಲ್ಯಾಂಡ್‌ನದು. ಅದರ ಹಿಂದೆ ಆಕಾಶ ಕಾಣುತ್ತಿತ್ತು. ಎರಡೂವರೆ ಸಾವಿರ ಮೀಟರ್ ನೀರಿನಡಿ ಆಕಾಶ ಎಲ್ಲಿಂದ ಬಂತು ಅಂತ ಎಡಿಟಿಂಗ್ ಮಾಡಿದವರಿಗೂ ಅನ್ನಿಸಲಿಲ್ಲವೇ?

ಈಗ ನೀವು ಕೇಳಿ ಉತ್ತರಿಸದೆ ಬಿಟ್ಟ ಪ್ರಶ್ನೆ. ಇಂಥ ಲಾವಾದಿಂದ ಸುನಾಮಿ ಏಳುತ್ತದೆಯೇ, ಡ್ಯಾಂ ಅಲುಗಾಡುತ್ತದೆಯೇ? ಅಷ್ಟು ಆಳದಲ್ಲಿ ನೀರಿನ ಒತ್ತಡ ನಮ್ಮ ಮೇಲಿನ ಗಾಳಿಯ ಒತ್ತಡದ ಸುಮಾರು 250 ಪಟ್ಟು. ಗೋಲಿ ಸೋಡಾದಲ್ಲಿ ಗೋಲಿ ಒಳಕ್ಕೆ ಒತ್ತುವ ತನಕ ಗ್ಯಾಸು ಹೊರಗೆ ಬರುವುದಿಲ್ಲ ಅಲ್ವಾ, ಇಲ್ಲೂ ಹಾಗೇ. ಲಾವಾದೊಳಗಿನ ಅನಿಲಕ್ಕೆ ಸಿಡಿಯಲು ಬಿಡುವಿಲ್ಲ. ಅದಕ್ಕೇ ಲಾವಾ ಹೆಚ್ಚಾಗಿ ಸದ್ದಿಲ್ಲದೆ ಉಕ್ಕಿ, ತಣ್ಣೀರು ತಾಗಿದ ಕೂಡಲೇ ಮೇಲೆ ಗಾಜಿನಂಥ ಸಿಪ್ಪೆ ಕಟ್ಟಿ, ದಿಂಬುಗಳ ಹಾಗೆ ಒಂದರ ಮೇಲೊಂದು ಕೂತುಕೊಳ್ಳುತ್ತದೆ. ಭೂಕಂಪ ಆಗುತ್ತವೆ, ಆದರೆ ಬಹುಪಾಲು ತೀರಾ ಸಣ್ಣವು.

ಇದಕ್ಕೊಂದು ಒಳ್ಳೆಯ ಪುರಾವೆ ಇದೆ. ಅಮೆರಿಕದ ಒರೆಗಾನ್ ಕರಾವಳಿಯಿಂದ ಸುಮಾರು 480 ಕಿ.ಮೀ. ಆಚೆ, ಇಂಥದ್ದೇ ಬೆಟ್ಟಸಾಲಿನ ಮೇಲೆ ಆಕ್ಸಿಯಲ್ ಸೀಮೌಂಟ್ ಅನ್ನುವ ಜ್ವಾಲಾಮುಖಿ ಇದೆ. ಅದಕ್ಕೆ ದಡದಿಂದ ಕೇಬಲ್ ಎಳೆದು ಉಪಕರಣ ಇಟ್ಟಿದ್ದಾರೆ. 1998ರಲ್ಲಿ, 2011ರಲ್ಲಿ, 2015ರಲ್ಲಿ ಅದು ಉಕ್ಕಿತು. 2015ರ ಏಪ್ರಿಲ್‌ನಲ್ಲಿ ಒಂದೇ ದಿನದಲ್ಲಿ 8,000ದಷ್ಟು ಸಣ್ಣ ಭೂಕಂಪಗಳು ದಾಖಲಾದವು, ಅದರ ತಳ ಎರಡು ಮೀಟರಿಗಿಂತ ಜಾಸ್ತಿ ಕುಸಿಯಿತು. ಒರೆಗಾನ್ ದಡದಲ್ಲಿ ನಿಂತವರಿಗೆ ಏನೂ ಗೊತ್ತಾಗಲಿಲ್ಲ. 480 ಕಿ.ಮೀ. ದೂರದವರಿಗೇ ಗೊತ್ತಾಗದ ಮೇಲೆ, ಭೂಮಿಯ ಇನ್ನೊಂದು ಬದಿಯಲ್ಲಿರುವ ಲಿಂಗನಮಕ್ಕಿಗೆ ಏನಾಗಲು ಸಾಧ್ಯ?

ಸಮುದ್ರದೊಳಗಿನ ಜ್ವಾಲಾಮುಖಿಗಳೆಲ್ಲ ಸಾಧು ಅಂತ ನಾನು ಹೇಳುತ್ತಿಲ್ಲ. 2022ರ ಜನವರಿ 15ರಂದು ಟೊಂಗಾದಲ್ಲಿ ಸಿಡಿದದ್ದು ಸುನಾಮಿ ಎಬ್ಬಿಸಿತು. ಆದರೆ ಅದರ ಬಾಯಿ ನೀರಿನ ಮಟ್ಟಕ್ಕೆ ಹತ್ತಿರವಿತ್ತು. ಚಿಪ್ಪುಗಳು ಬಿಡಿಸಿಕೊಳ್ಳುವ ಜಾಗವೂ ಅಲ್ಲ ಅದು, ಒಂದರಡಿ ಒಂದು ನುಗ್ಗುವ ಜಾಗ. 2004ರ ಡಿಸೆಂಬರ್ 26ರ ಸುನಾಮಿಗೆ ಕಾರಣವಾದ ಸುಮಾತ್ರಾ ಭೂಕಂಪವೂ ಹಾಗೆ ನುಗ್ಗುವ ಜಾಗದ್ದೇ. ಭಾರತಕ್ಕೆ ಸುನಾಮಿ ಭಯ ಇರುವುದು ಮುಖ್ಯವಾಗಿ ಎರಡು ದಿಕ್ಕಿನಿಂದ. ಒಂದು ಅಂಡಮಾನ್-ಸುಮಾತ್ರಾ, ಇನ್ನೊಂದು ಪಾಕಿಸ್ತಾನ-ಇರಾನ್ ಕಡಲಂಚಿನ ಮಕ್ರಾನ್. ಮಕ್ರಾನ್‌ನಲ್ಲಿ 1945ರ ನವೆಂಬರ್‌ನಲ್ಲಿ ಅಂಥದ್ದು ಆಗಿತ್ತು. ಇದನ್ನೆಲ್ಲ ಹಗಲೂ ರಾತ್ರಿ ಕಾಯಲು ಹೈದರಾಬಾದಿನ ಸಮುದ್ರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನಲ್ಲಿ 2007ರಿಂದ ಎಚ್ಚರಿಕೆ ಕೇಂದ್ರ ಇದೆ. ಅವರ ಪ್ರಕಟಣೆ ಎಲ್ಲರಿಗೂ ಸಿಗುತ್ತದೆ. ನಿಮ್ಮ ಆ್ಯಂಕರ್ ಕಿರುಚುವ ಮೊದಲು ಒಂದು ಸಲ ಅದನ್ನು ತೆರೆದು ನೋಡಿದ್ದರೆ ಸಾಕಿತ್ತು.

'ದೂರದ ಪೆಸಿಫಿಕ್ ಸರಿ, ನಮ್ಮ ಅರಬ್ಬಿ ಸಮುದ್ರದ ಮಾತೇನು' ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಲ್ಲೂ ಒಂದು ಬೆಟ್ಟಸಾಲು ಇದೆ, ಕಾರ್ಲ್ಸ್‌ಬರ್ಗ್ ರಿಜ್ ಅಂತ. ಹೌದು, ಬೀರಿನ ಕಂಪನಿಯ ಹೆಸರೇ. 1928-30ರ ಡೆನ್ಮಾರ್ಕಿನ ಹಡಗಿನ ಯಾತ್ರೆಗೆ ಹಣ ಕೊಟ್ಟದ್ದು ಅವರ ಪ್ರತಿಷ್ಠಾನ. (ಈ ಒಂದು ವಿಷಯಕ್ಕಾದರೂ ನಿಮ್ಮ ವರದಿಗಾರರಿಗೆ ಆಸಕ್ತಿ ಬರಲಿ.) ನಮ್ಮ ಕರಾವಳಿಯಿಂದ ಅದು ಸಾವಿರ ಕಿಲೋಮೀಟರಿಗಿಂತ ಎಷ್ಟೋ ದೂರ, ಆಳವೂ ಕಿಲೋಮೀಟರುಗಟ್ಟಲೆ. 2003ರಲ್ಲಿ ವಿಜ್ಞಾನಿಗಳ ಹಡಗೊಂದು ಅದರ ಮೇಲೆ ಸುಮಾರು 70 ಕಿ.ಮೀ. ಉದ್ದದ ಬಿಸಿನೀರಿನ ಮೋಡವನ್ನು ಪತ್ತೆ ಮಾಡಿತು. ಕೆಳಗೆ ಆಗಷ್ಟೇ ಲಾವಾ ಉಕ್ಕಿರಬೇಕು ಅಂತ ಅವರ ತೀರ್ಮಾನ. ಹೊನ್ನಾವರದಲ್ಲಿ ಯಾರಿಗೂ ಸುದ್ದಿಯೇ ಇಲ್ಲ. ಬಂಗುಡೆ ಇರುವುದು ದಡಕ್ಕೆ ಹತ್ತಿರದ ಕಡಿಮೆ ಆಳದ ನೀರಿನಲ್ಲಿ. 2003ರಲ್ಲೂ ನಾವು ಬಂಗುಡೆ ತಿಂದಿದ್ದೇವೆ, ಹೊಟ್ಟೆ ಕೆಟ್ಟಿಲ್ಲ.

ಆ ಬೆಟ್ಟಸಾಲಿನಲ್ಲಿ ನಿಜವಾದ ಸುದ್ದಿ ಬೇರೆಯೇ ಇದೆ. ಬುಗ್ಗೆಗಳ ಬಾಯಲ್ಲಿ ತಾಮ್ರ, ಸತು ಇರುವ ಗಂಧಕದ ಅದಿರು ಕೂತಿರುತ್ತದೆ. ಅದನ್ನು ಹುಡುಕಲು ಭಾರತ 2016ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಹಿಂದೂ ಮಹಾಸಾಗರದ ಮಧ್ಯ ಮತ್ತು ನೈಋತ್ಯ ಬೆಟ್ಟಸಾಲುಗಳಲ್ಲಿ 10,000 ಚದರ ಕಿ.ಮೀ. ಜಾಗಕ್ಕೆ. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಲ್ಸ್‌ಬರ್ಗ್ ರಿಜ್‌ಗೂ ಅಷ್ಟೇ ಜಾಗಕ್ಕೆ ಇನ್ನೊಂದು ಒಪ್ಪಂದ ಆಯಿತು. 2024ರ ಕೊನೆಗೆ ನಮ್ಮವರೇ ಹಿಂದೂ ಮಹಾಸಾಗರದಲ್ಲಿ 4,500 ಮೀಟರ್ ಆಳದ ಬಿಸಿ ಬುಗ್ಗೆಯ ಚಿತ್ರ ತೆಗೆದು ತಂದರು. ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸುವ ಮತ್ಸ್ಯ-6000 ಜಲಾಂತರ್ಗಾಮಿ ತಯಾರಾಗುತ್ತಿದೆ. ಸಮುದ್ರದ ತಳ ಅಗೆದರೆ ಅಲ್ಲಿನ ಜೀವಿಗಳ ಗತಿ ಏನು, ಅಗೆಯಲೇಬೇಕಾ, ಯಾರಿಗೆ ಲಾಭ? ಚರ್ಚೆ ಮಾಡಬೇಕಾದ ವಿಷಯ ಇದು. ಶರಾವತಿಯಿಂದ ಕುದುರೆಮುಖದ ತನಕ ಅಭಿವೃದ್ಧಿಯ ಹೆಸರಲ್ಲಿ ಏನೇನಾಗುತ್ತದೆ ಅಂತ ಕಂಡ ಮಲೆನಾಡಿನವರಿಗೆ ಇದರಲ್ಲಿ ಹೇಳಲು ಮಾತಿದೆ. ನೀವು ಕೇಳಿದರೆ ತಾನೆ?

ಸಮುದ್ರದ ತಳದ ಲಾವಾ ನೋಡಲು ಐಸ್‌ಲ್ಯಾಂಡ್ ವಿಡಿಯೊ ಕದಿಯುವ ಅಗತ್ಯವೂ ಇರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಕ್ಯಾಮೆರಾ ತೆಗೆದುಕೊಂಡು ಹೋಗಿ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿ, ದಿಂಬುಗಳ ರಾಶಿಯಾಗಿ ಹೆಪ್ಪುಗಟ್ಟಿದ ಲಾವಾ ಅಲ್ಲಿ ಬಟ್ಟಬಯಲಲ್ಲಿದೆ. ಸರ್ಕಾರ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಓದುವಾಗ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಒಂದೊಂದು ದಿಂಬಿನ ಅಂಚಿನಲ್ಲೂ ಬೇಗ ತಣಿದ ಸಿಪ್ಪೆಯ ಗೆರೆ ಬೇರೆಯಾಗಿ ಕಾಣುತ್ತದೆ. ಕೈಯಿಟ್ಟು ಮುಟ್ಟಬಹುದು, ಟಿಕೆಟ್ ಇಲ್ಲ. ಇವತ್ತು ಪೆಸಿಫಿಕ್‌ನ ತಳದಲ್ಲಿ ನಡೆಯುವ ಕೆಲಸ ಒಂದು ಕಾಲಕ್ಕೆ ಇಲ್ಲೂ ನಡೆದಿತ್ತು ಅಂತ ಕನ್ನಡಿಗರಿಗೆ ತೋರಿಸಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಹೆದರಬೇಕಾದ್ದು ಏನೂ ಇಲ್ಲವೇ ಅಂದರೆ, ಇದೆ. ಡ್ಯಾಂ ಮತ್ತು ಭೂಕಂಪದ ಬಗ್ಗೆ ನಿಜವಾಗಿ ಕಾಳಜಿ ಇದ್ದರೆ ಕೊಯ್ನಾದ ಕತೆ ಹೇಳಿ. 1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಆ ಜಲಾಶಯದ ಬಳಿ ಆದ ಭೂಕಂಪಕ್ಕೆ ತುಂಬಿದ ನೀರೇ ಕಾರಣ ಅಂತ ವಿಜ್ಞಾನಿಗಳು ಹೇಳುತ್ತಾರೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ದೊಡ್ಡ ಡ್ಯಾಂಗಳಿಗೆಲ್ಲ ತುರ್ತು ಯೋಜನೆ ಇರಬೇಕು. ರಾಜ್ಯದ ಯಾವ ಡ್ಯಾಂನದು ತಯಾರಾಗಿದೆ, ಕೆಳಗಿನ ಊರಿನವರಿಗೆ ಅದನ್ನು ಯಾರು ತಿಳಿಸಿದ್ದಾರೆ ಅಂತ ಅಧಿಕಾರಿಗಳನ್ನು ಕೂರಿಸಿ ಕೇಳಿ. 'ಅಣೆಕಟ್ಟುಗಳ ಗತಿ ಏನು' ಅನ್ನುವ ಪಟ್ಟಿ ಆಗ ಓಡಿಸಿ, ನಾನೇ ಚಪ್ಪಾಳೆ ತಟ್ಟುತ್ತೇನೆ.

ಇನ್ನು ನಮ್ಮ ಗುಡ್ಡಗಳು. 2018ರಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರು, ಅದೇ ತಿಂಗಳ 30ರಂದು ವಯನಾಡು. ಈ ಗುಡ್ಡ ಕುಸಿತಗಳೆಲ್ಲ ಇದೇ ಪಶ್ಚಿಮ ಘಟ್ಟದಲ್ಲೇ ಆದದ್ದು. ಜನ ಸತ್ತ ಮೇಲೆ ನಿಮ್ಮ ಗಾಡಿಗಳು ಬಂದವು. ನಮ್ಮಲ್ಲಿ ಪ್ರತಿ ಮಳೆಗಾಲ ಎಲ್ಲೋ ಒಂದು ಕಡೆ ಧರೆ ಕುಸಿಯುತ್ತದೆ, ರಸ್ತೆ ಹೋಗುತ್ತದೆ, ಕೊಟ್ಟಿಗೆ ಹೋಗುತ್ತದೆ. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಗೋಡೆಯಂತೆ ಕಡಿದಿದ್ದಾರೆ. ಯಾರೂ ಸಾಯದಿದ್ದರೆ ಅದು ಸುದ್ದಿಯಲ್ಲ. ನಮ್ಮ ಮನೆ ಹಿಂದಿನ ಧರೆಗಿಂತ ಪೆಸಿಫಿಕ್‌ನ ಲಾವಾ ನಿಮಗೆ ಹತ್ತಿರವಾಯಿತೇ?

ನಾನು ಕೇಳುವುದು ಜಾಸ್ತಿ ಏನಲ್ಲ. ಮೊದಲನೆಯದಾಗಿ, ಆ ಕಾರ್ಯಕ್ರಮ ಇನ್ನೂ ಯೂಟ್ಯೂಬ್‌ನಲ್ಲಿದೆ. ಮೊನ್ನೆ ಅದರ ತುಂಡು ಹೊಸ ದಿನಾಂಕ ಹಾಕಿಕೊಂಡು ಮತ್ತೆ ನಮ್ಮೂರ ಗ್ರೂಪಿಗೆ ಬಂತು. ಈ ಪತ್ರ ಬರೆಯಲು ಕಾರಣವೇ ಅದು. ಅದನ್ನು ತೆಗೆಯಿರಿ. ತೆಗೆದು, ಹೆದರಿಸಿದ ಅದೇ ಊಟದ ಹೊತ್ತಿನಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, 'ನಾವು ಹೇಳಿದ್ದು ಸರಿಯಿರಲಿಲ್ಲ' ಅಂತ ಹೇಳಿ. ಇದರಿಂದ ಮಾನ ಹೋಗುವುದಿಲ್ಲ. ಆಕ್ಸಿಯಲ್ ಸೀಮೌಂಟ್ 2025 ಮುಗಿಯುವುದರೊಳಗೆ ಉಕ್ಕಬಹುದು ಅಂತ ಅಂದಾಜು ಮಾಡಿದ್ದ ವಿಜ್ಞಾನಿಗಳು, ತಳ ಉಬ್ಬುವ ವೇಗ ಸಾಲದು ಅಂತ ಕಂಡಾಗ ತಾವೇ ಎಲ್ಲರಿಗೂ ಹೇಳಿ ಅಂದಾಜನ್ನು ಮುಂದಕ್ಕೆ ಹಾಕಿದರು. ಅವರ ಮೇಲಿನ ನಂಬಿಕೆ ಅದರಿಂದ ಹೆಚ್ಚಾಯಿತೇ ಹೊರತು ಕಮ್ಮಿ ಆಗಲಿಲ್ಲ.

ಆ ಜ್ವಾಲಾಮುಖಿ ಇವತ್ತಲ್ಲ ನಾಳೆ ಉಕ್ಕುತ್ತದೆ. ಆಗ ನಿಮಗೆ ಮತ್ತೆ ಕೈ ತುರಿಸುತ್ತದೆ. ಅವತ್ತು ಜ್ಯೋತಿಷಿಗೆ ಫೋನ್ ಮಾಡುವ ಮೊದಲು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಗೆ ಮಾಡಿ. ನಮಗಂತೂ ಗೋವಾ ಬೆಂಗಳೂರಿಗಿಂತ ಹತ್ತಿರ, ಅಲ್ಲಿ ಕನ್ನಡ ಬಲ್ಲವರು ಸಿಗದೇ ಇರಲಾರರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ಭೂವಿಜ್ಞಾನ ವಿಭಾಗ ಇದೆ. ಬೇರೆ ಕಡೆಯ ದೃಶ್ಯ ಹಾಕುವುದಾದರೆ ಎಲ್ಲಿಯದು, ಯಾವ ವರ್ಷದ್ದು ಅಂತ ಪರದೆ ಮೇಲೆ ಬರೆಯಿರಿ. ಡ್ಯಾಂ, ಸುನಾಮಿ, ಭೂಕಂಪ ಅನ್ನುವ ಪದಗಳನ್ನು ಪ್ರಶ್ನಾರ್ಥಕ ಚಿಹ್ನೆ ಹಾಕಿ ತೂರಿಬಿಡಬೇಡಿ. ಪ್ರಶ್ನೆ ಕೇಳಿದರೆ ಅದೇ ಕಾರ್ಯಕ್ರಮದಲ್ಲಿ ಉತ್ತರ ಹೇಳಿಯೇ ಎದ್ದೇಳಿ.

ಯಾರಾದರೂ ವರದಿಗಾರರನ್ನು ಕಳಿಸುವುದಾದರೆ ಬರಲಿ. ಮರಡಿಹಳ್ಳಿಗೆ ನಾನೇ ಜೊತೆಗೆ ಹೋಗುತ್ತೇನೆ, ಅದು ಯಾವ ಕಾಲಕ್ಕೂ ಆದೀತು. ಧರೆ ಕುಸಿತ ನೋಡಲು ಮಾತ್ರ ಜುಲೈನಲ್ಲೇ ಬರಬೇಕು. ಉಳಿಯಲು ನಮ್ಮನೆ ಇದೆ. ಇಂಬಳ (ಜಿಗಣೆ) ಜಾಸ್ತಿ ಇರುತ್ತವೆ, ಶೂ ನಂಬಿಕೊಂಡು ಬರಬೇಡಿ. ಕಾಲಿಗೆ ಹಚ್ಚಲು ಹೊಗೆಸೊಪ್ಪು, ಸುಣ್ಣ ನಾವು ಕೊಡುತ್ತೇವೆ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ